ಬಾವಿಗೆ ಹೊತ್ತ ನೀರು

ಅಗಡಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇಳಿದು ನಿಂತಿದ್ದೆ. ಹಲಗೆ ಬಾರಿಸುವವರ ಜೊತೆ ಮದುವೆ ಮನೆಯ ಹೆಂಗಸರು ರಸ್ತೆ ಪಕ್ಕದ ಬಾವಿಗೆ ಬಂದರು. ಮುಂದೆ ಮದುಮಗಳು. ಮದುಮಕ್ಕಳ ಸುರಗಿ ಸ್ನಾನಕ್ಕೆ ಬಾವಿಯ ನೀರು ಒಯ್ಯುವುದು ಇಲ್ಲಿಯ ಪದ್ಧತಿ. ಆದರೆ ಇವರ ಕೊಡಗಳು ಬರುವಾಗಲೇ ತುಂಬಿದ್ದವು.

‘ಬಾವಿಗೆ ತುಂಬಿದ ಕೊಡ ಯಾಕ ತಂದೀರಿ ಯವ್ವಾ?’ ಎಂದು ಹಿಂದೆ ಬರುತ್ತಿದ್ದ ಅಜ್ಜಿಯನ್ನು ಕೇಳಿದೆ.

‘ಟ್ಯಾಂಕರ್ ನೀರ್ರಿ ಇದು. ಬಾವ್ಯಾಗ ಎಲ್ಲೈತಿ? ಸುತ್ತ ಎಲ್ಲಾರೂ ಗೋವಿನಜ್ವಾಳಕ್ಕ ಬೋರ್ ಹೊಡಿಸಿದ್ರು, ನಾವೂ ಹೊಡಿಸಿದ್ವಿ. ಮಳಿ ಬಂದ್ರ ಒಮ್ಮೆಲೇ ಬಂದು ಹರಕೊಂಡು ಹೋಗ್ತೈತಿ. ಹಂಗಂತ ಗಂಗವ್ವನ ಪೂಜಿ ಬಿಡಾಕ ಬರ್ತೈತೇನ್ರಿ? ಇಲ್ಲಿಟ್ಟು ಪೂಜಿ ಮಾಡಿ, ಹೊತಗೊಂಡು ಹೋಗ್ತೀವಿ.’

ಕೊಡಗಳಿಗೆ ಅರಿಸಿನ ಕುಂಕುಮ ಹಚ್ಚಿದರು. ಹಲಗೆ ನಿಂತಿತು. ಮದುಮಗಳು ಕಣ್ಣು ಮುಚ್ಚಿ ತೆಂಗಿನಕಾಯಿಯನ್ನು ಬಾವಿಗೆ ಬಿಟ್ಟಳು. ಅದು ಕಲ್ಲಿನಿಂದ ಕಲ್ಲಿಗೆ ಬಡಿಯುತ್ತ ಇಳಿದ ಸದ್ದು ನಮಗೆಲ್ಲ ಕೇಳಿತು. ಹುಡುಗಿ ಕಣ್ಣು ತೆರೆದು ಬಗ್ಗಿ ನೋಡಹೋದಳು. ಅಜ್ಜಿ ಅವಳ ತೋಳು ಹಿಡಿದು ಹಿಂದಕ್ಕೆಳೆದು, ಹಲಗೆಯವರತ್ತ ಕೂಗಿದಳು:

‘ಸುಮ್ಮನ ಯಾಕ ನಿಂತೀರೋ? ಬಾರಸ್ರೋ, ಜೋರ್ ಬಾರಸ್ರೋ!’