ಕುದುರೆ ನೆಕ್ಕಿದ ಗೋಡೆ

ಆಗಿನ ಕಾಲ ಎಂದು ಶುರುಮಾಡಿದರೆ ಸಾಕು, ಕೇಳುವವರ ಮುಖ ಮೆತ್ತಗಾಗುತ್ತದೆ. ನನಗೆ ಮೈ ಉರಿಯುತ್ತದೆ. ಹೋದ ವಾರ ದೊಡ್ಡಪ್ಪನ ಮಗ ಹರೀಶ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹಳೆಯ ಫೋಟೊ ಹಾಕಿದ. ಬಿಳಿ ಕುದುರೆ, ಅದರ ಮೇಲೆ ಜರಿ ಪೇಟದ ಹುಡುಗ ಹರೀಶ, ಹಗ್ಗ ಹಿಡಿದು ನಿಂತ ದೊಡ್ಡಪ್ಪ. ಕೆಳಗೆ ಬರೆದಿದ್ದ: 'ನಮ್ಮ ಮನೆಯ ಕುದುರೆ. ಎಂಥ ದಿನಗಳು! ಎಲ್ಲದಕ್ಕೂ ಕೃತಜ್ಞ.' ಅದರಡಿ ಕೈಮುಗಿಯುವ ಚಿತ್ರಗಳ ಸಾಲು. ಆಮೇಲೆ ನನಗೇ ಪ್ರತ್ಯೇಕವಾಗಿ, 'ಅಕ್ಕ, ನೀನ್ ಬರೀತೀಯಲ್ಲ, ಇದ್ರ ಬಗ್ಗೆ ಚೆನ್ನಾಗಿ ಒಂದು ಬರಿ.'

ಬರೆಯುತ್ತಿದ್ದೇನೆ. ಅವನಿಗೆ ಬೇಕಾದಷ್ಟು ಚೆನ್ನಾಗಿ ಬರುವುದಿಲ್ಲ.

ಬೈಯಪ್ಪನಹಳ್ಳಿಗೆ ಆಗಿನ್ನೂ ಮೆಟ್ರೋ ಬಂದಿರಲಿಲ್ಲ. ಹೊಲಗಳೂ ಇರಲಿಲ್ಲ, ಅವೆಲ್ಲ ಲೇಔಟಾಗಿ ಮುಗಿದಿದ್ದವು. ಉಳಿದದ್ದು ಒಂದು ಉದ್ದನೆಯ ಹಂಚಿನ ಮನೆ: ಮುಂದಿನ ಭಾಗದಲ್ಲಿ ದೊಡ್ಡಪ್ಪನ ಸಂಸಾರ, ಹಿಂದಿನ ಎರಡು ಕೋಣೆಗಳಲ್ಲಿ ನಾವು, ನಮ್ಮ ಹಿಂದೆ ಹಸುಗಳಿಲ್ಲದ ಕೊಟ್ಟಿಗೆ. ಜಾಗ ಅಣ್ಣತಮ್ಮ ಇಬ್ಬರದ್ದೂ. ಮಾತು ಮಾತ್ರ ಒಬ್ಬರದ್ದೇ. ಅಪ್ಪ ಕಾರ್ಖಾನೆಯಿಂದ ಬಂದು ಕೈಕಾಲು ತೊಳೆದು ಅಣ್ಣನ ಮುಂದೆ ನಿಲ್ಲುತ್ತಿದ್ದರು, ಕೂರು ಎಂದ ಮೇಲೆ ಕೂರುತ್ತಿದ್ದರು. ಪ್ರತಿ ಯುಗಾದಿಗೆ ಇಡೀ ಮನೆಗೆ ಸುಣ್ಣ ಬಳಿಯುವ ಕೆಲಸ ಅಮ್ಮನದು. ದೊಡ್ಡಮ್ಮನಿಗೆ ಸುಣ್ಣ ಮುಟ್ಟಿದರೆ ಕೈ ಸಿಪ್ಪೆ ಏಳುತ್ತದಂತೆ. ಅಮ್ಮನ ಕೈಯೂ ಸಿಪ್ಪೆ ಏಳುತ್ತಿತ್ತು.

"ಇರೋಕ್ ಸೂರು ಕೊಟ್ಟಿದೀನಿ, ಉಪಕಾರ ಸ್ಮರಣೆ ಇರ್ಲಿ" ಎಂದು ದೊಡ್ಡಪ್ಪ ನಗುನಗುತ್ತಲೇ ಹೇಳುತ್ತಿದ್ದರು. ಆ ಮಾತು ಬಂದರೆ ಅದರ ಬೆನ್ನಿಗೇ ಒಂದು ಕೆಲಸವೂ ಬರುತ್ತಿತ್ತು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಬಂದ ಕೆಲಸ, ಕುದುರೆ. ದೊಡ್ಡಪ್ಪ ಲೇಔಟಿನ ತುದಿಯಲ್ಲಿ ಕಲ್ಯಾಣಮಂಟಪ ಕಟ್ಟಿಸುತ್ತಿದ್ದರು. ಮದುವೆ ಗಂಡು ಕುದುರೆ ಮೇಲೆ ಬರುವಂತಿದ್ದರೆ ಇಂದಿರಾನಗರದವರೂ ಇಲ್ಲಿಗೇ ಬರುತ್ತಾರೆ ಎಂದು ಯಾರೋ ಹೇಳಿದರು. ರೇಸಿನಿಂದ ಹೊರಬಿದ್ದ ಕುದುರೆಯೊಂದನ್ನು ಕೊಂಡೇಬಿಟ್ಟರು. ಆಮೇಲೆ ಹಿತ್ತಲಿಗೆ ಬಂದು ಅಮ್ಮನನ್ನು ಕರೆದರು.

"ಜಯಾ, ಕೊಟ್ಟಿಗೆ ಬೆಳ್ಳಗೆ ಹೊಳೀಬೇಕು. ನೋಡೋಕ್ ಜನ ಬರ್ತಾರೆ."

"ಕೊಟ್ಟಿಗೆಗೆ ಯಾರು ಸುಣ್ಣ ಹೊಡೀತಾರೆ ಭಾವ? ಸಗಣೀಲಿ ಸಾರಿಸ್ತೀನಿ, ತಣ್ಣಗಿರತ್ತೆ."

"ರೇಸ್ ಕುದ್ರೆಗೆ ಸಗಣಿ ಗೋಡೆನಾ? ಹೇಳಿದಷ್ಟು ಮಾಡಮ್ಮ."

ಹೇಳಿದಷ್ಟು ಮಾಡಿದಳು. ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುವಾಗ ಏಳುವ ಬಿಸಿ ಮಣ್ಣಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಇದೊಂದನ್ನು ನಂಬಬಹುದು. ಮೂಗು ಕಥೆ ಕಟ್ಟುವುದಿಲ್ಲ. ತಣಿದ ಸುಣ್ಣಕ್ಕೆ ಚಿಟಿಕೆ ನೀಲಿ, ಕೊನೆಗೆ ಕೈತುಂಬ ಕಲ್ಲುಪ್ಪು. ಉಪ್ಪು ಬಿದ್ದರೆ ಸುಣ್ಣ ಮೈಗೆ ಅಂಟುವುದಿಲ್ಲ, ಗೋಡೆಯಿಂದ ಉದುರುವುದಿಲ್ಲ. ಅಜ್ಜಿ ಹಾಗೆ ಮಾಡುತ್ತಿದ್ದಳು, ಅಮ್ಮನೂ ಹಾಗೇ. ನಾನು ಕುಂಚ ಅದ್ದಿ ಅದ್ದಿ ಕೊಟ್ಟೆ. ಹಳೆಯ ಬಾಗಿಲೊಂದನ್ನು ಕೊಯ್ದು ಇಬ್ಬರೂ ಮೇವು ಹಾಕುವ ಗೋದಲಿ ಮಾಡಿದೆವು. ಗರಗಸದ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮೊಳೆ ಸೊಟ್ಟಗೆ ಹೋದಾಗಲೆಲ್ಲ ಅವಳು, "ಬಿಡು, ಕುದ್ರೆ ಏನ್ ಇನ್ಸ್‌ಪೆಕ್ಷನ್ ಮಾಡತ್ತಾ" ಎಂದು ನಗುತ್ತಿದ್ದಳು.

ಕುದುರೆ ಬಂತು. ಬಣ್ಣ ಕೇಳಬೇಡಿ. ಫೋಟೊದಲ್ಲಿ ಬಿಳಿ, ನನ್ನ ತಲೆಯಲ್ಲಿ ಬೂದಿ, ಅಮ್ಮನನ್ನು ಕೇಳಿದರೆ 'ರಾಗಿಹಿಟ್ಟಿನ್ ಬಣ್ಣ'. ರೇಸಿನವರಿಟ್ಟ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹೊಂದಲಿಲ್ಲ. ಅಮ್ಮ 'ಮಗಾ' ಎಂದಳು, ಅದೇ ಉಳಿಯಿತು. ಅದು ಮೊದಲ ಮೂರ್ನಾಲ್ಕು ದಿನ ಯಾರನ್ನೂ ಹತ್ತಿರ ಸೇರಿಸಲಿಲ್ಲ, ಅಮ್ಮ ಹುರುಳಿ ಬೇಯಿಸಿದ ಮೇಲೆ ಸೇರಿಸಿತು. ಹುರುಳಿ ಮಗನಿಗೆ, ಬಸಿದ ಕಟ್ಟು ನಮಗೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಬಿದ್ದ ಆ ಸಾರಿನಲ್ಲಿ ಮುದ್ದೆ ಅದ್ದಿ ನುಂಗುವಾಗ, ಗೋಡೆಯಾಚೆಯಿಂದ ಕುದುರೆ ಮೆಲ್ಲುವ ಸದ್ದು ಕೇಳುತ್ತಿತ್ತು. ಒಂದೇ ಪಾತ್ರೆಯ ಊಟ ಉಣ್ಣುವವರು ನಾವು ಎಂದು ನನಗೆ ಹೆಮ್ಮೆ.

ನಮ್ಮಿಬ್ಬರದೇ ಒಂದು ಆಟವೂ ಇತ್ತು. ಕುದುರೆಗೆ ಬೆನ್ನು ಮಾಡಿ ಕಣ್ಣು ಮುಚ್ಚಿ ನಿಲ್ಲುವುದು. ಅದು ಯಾವಾಗ ನನ್ನ ಕುತ್ತಿಗೆಗೆ ಉಸಿರು ಬಿಡುತ್ತದೆ ಎಂದು ಕಾಯುವುದು. ಅಲುಗಾಡಿದರೆ ನಾನು ಸೋತೆ. ಪ್ರತಿ ಸಲವೂ ಸೋಲುತ್ತಿದ್ದೆ. ಹರೀಶ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದ.

"ಥೂ, ನಿನ್ ಮೈಯೆಲ್ಲ ಲದ್ದಿ ವಾಸ್ನೆ."

"ನೀನ್ ಹತ್ಕೊಂಡ್ ಮೆರಿಯೋ ಕುದ್ರೆದೇ ಕಣೋ ಅದು."

ಮಗ ನಮ್ಮ ಕೊಟ್ಟಿಗೆಯಲ್ಲೇ ಉಳಿಯಬೇಕು. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ.

ಒಂದು ಬೆಳಿಗ್ಗೆ ಅದು ಹುರುಳಿ ಮುಟ್ಟಲಿಲ್ಲ. ತುಟಿಯಿಂದ ನೊರೆ ಇಳಿಯುತ್ತಿತ್ತು, ನಾಲಗೆ ಕೆಂಪಾಗಿ ಸುಲಿದಿತ್ತು. ಅಮ್ಮ ಅದರ ಬಾಯಿ ನೋಡಿದಳು, ಮೇವು ಮೂಸಿದಳು, ನೀರು ಮೂಸಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಕುದುರೆಯ ತಲೆಯೆತ್ತರಕ್ಕೆ ಗೋಡೆ ಬೋಳಾಗಿತ್ತು. ಸುಣ್ಣ ಹೋಗಿ ಒಳಗಿನ ಮಣ್ಣು ಹೊಳೆಯುತ್ತಿತ್ತು. ಬೆರಳಿನಿಂದ ಒರೆಸಿ ನಾಲಗೆಗೆ ಹಚ್ಚಿಕೊಂಡಳು.

"ಅಯ್ಯೋ, ಉಪ್ಪು ಕಣೇ. ಉಪ್ಪಿಗೆ ನೆಕ್ಕಿಬಿಟ್ಟಿದೆ, ಸುಣ್ಣ ಬಾಯಿ ಸುಟ್ಟಿದೆ. ನಾನೇ ಹಾಕಿದ್ದಲ್ಲ!"

ದೊಡ್ಡಪ್ಪ ಬಂದರು. ಕುದುರೆಯನ್ನು ನೋಡುವುದಕ್ಕೂ ಮೊದಲು ಕೂಗಾಡಿದರು. ಮಂಟಪದ ಪ್ರಾರಂಭಕ್ಕೆ ಎರಡು ವಾರವೂ ಉಳಿದಿರಲಿಲ್ಲ.

"ಹೊಟ್ಟೆಕಿಚ್ಚಿಗೆ ಮಾಡಿದೀಯ. ಸೂರು ಕೊಟ್ಟೋನ್ ಕುದ್ರೆಗೇ ವಿಷ ಹಾಕ್ತೀಯಾ?"

ಸುಣ್ಣ ಹೊಡೆಯಲು ಹೇಳಿದ್ದು ನೀವೇ ಎಂದು ಯಾರೂ ಹೇಳಲಿಲ್ಲ. ಅಪ್ಪ ನೆಲ ನೋಡುತ್ತಿದ್ದರು. ನಾನು ಹೇಳಿದೆ ಎಂದು ನನ್ನ ನೆನಪು ಹಟ ಮಾಡುತ್ತದೆ, ಎದೆಯುಬ್ಬಿಸಿಕೊಂಡು ನಿಂತ ಹುಡುಗಿಯೊಬ್ಬಳನ್ನು ತೋರಿಸುತ್ತದೆ. ಸುಳ್ಳು. ನಾನು ಗೋದಲಿಯ ಹಿಂದೆ ಕೂತಿದ್ದೆ.

"ಹುಷಾರಾದ್ರೂ ಇದು ಇಲ್ಲಿರಲ್ಲ. ಮಾರಿಬಿಡ್ತೀನಿ" ಎಂದು ಹೊರಟ ದೊಡ್ಡಪ್ಪನನ್ನು ಅಮ್ಮ ತಡೆದಳು.

"ಏನ್ ಮಾಡಿದ್ರೆ ಇಟ್ಕೋತೀರ, ಹೇಳಿ ಭಾವ."

ಅವರು ನಿಂತರು, ಸ್ವಲ್ಪ ಯೋಚಿಸಿದರು. "ಪ್ರಾರಂಭದ ದಿನ ನಾಕು ಜನದ್ ಮುಂದೆ ತಪ್ಪಾಯ್ತು ಅನ್ನು. ನಮ್ ಉಪಕಾರ ಮರೆಯಲ್ಲ ಅನ್ನು. ನೋಡೋಣ."

ಮರುದಿನ ಅಪ್ಪ ರಜೆ ಹಾಕಿದರು. ಮೂವರೂ ಸೇರಿ ಗೋಡೆ ತೊಳೆದೆವು. ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ, ಬಿಂದಿಗೆಗಟ್ಟಲೆ ನೀರು ಹೊಯ್ದು, ಸುಣ್ಣದ ಕೊನೆಯ ಪುಡಿಯೂ ಇಳಿದ ಮೇಲೆ ಅಪ್ಪ ಕೆಮ್ಮಣ್ಣು ತುಳಿದು ಹದ ಮಾಡಿದರು. ಅಮ್ಮ ಸಗಣಿ ಕಲಸಿದಳು. ನಾನು ಅಂಗೈಯಲ್ಲಿ ಬಳಿದೆ. ಮಗನಿಗೆ ತಣ್ಣನೆಯ ರಾಗಿ ಗಂಜಿ, ಬಾಯಿಗೆ ಬೆಣ್ಣೆ. ಅದು ಅಪ್ಪನ ಹಿಂದೆ ಬಂದು ಅಂಗಿಯ ಜೇಬಿಗೆ ಮೂತಿ ತುರುಕಿತು. ಅಪ್ಪ ಬೆಚ್ಚಿ ಕೆಸರಿನಲ್ಲಿ ಕೂತುಬಿಟ್ಟರು.

"ಜೇಬಲ್ಲಿ ಏನಿಲ್ಲ ಕಣಪ್ಪ, ಅದೂ ಅಣ್ಣನ ಹತ್ರಾನೇ ಇದೆ" ಎಂದರು ಅಪ್ಪ.

ಅಪ್ಪ ತಮ್ಮ ಅಣ್ಣನ ಬಗ್ಗೆ ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು, ಬೆನ್ನೆಲ್ಲ ಮಣ್ಣಾಯಿತು. ಒದ್ದೆ ಗೋಡೆಯ ತಂಪು, ಕುದುರೆಯ ಬೆವರು, ಗಂಜಿಯ ಹುಳಿ. ನನಗೆ ಹೊಟ್ಟೆ ತುಂಬಿದಂತಾಗಿತ್ತು, ಊಟ ಇನ್ನೂ ಆಗಿರಲಿಲ್ಲ. ಅದಕ್ಕೊಂದು ಪದ ಇತ್ತು, ಗೊತ್ತು. ಆದರೆ ಉಪಕಾರ ಎಂಬ ಆ ಪದವನ್ನು ದೊಡ್ಡಪ್ಪ ತಮ್ಮ ಹತ್ತಿರ ಇಟ್ಟುಕೊಂಡಿದ್ದರು.

ಮಗನ ಬಾಯಿ ವಾಸಿಯಾಯಿತು. ಪ್ರಾರಂಭದ ದಿನ ಅದರ ಕುತ್ತಿಗೆಗೆ ಸೇವಂತಿಗೆ ಹಾರ, ಬೆನ್ನ ಮೇಲೆ ಹರೀಶ. ಫೋಟೊ ತೆಗೆದದ್ದು ಆಗಲೇ. ಆಮೇಲೆ, ನೆಂಟರೆಲ್ಲ ಊಟಕ್ಕೆ ಏಳುವ ಮುಂಚೆ, ದೊಡ್ಡಪ್ಪ ಕೆಮ್ಮಿ ಅಮ್ಮನ ಕಡೆ ನೋಡಿದರು. ಅಮ್ಮ ಹೋಗಿ ಬಗ್ಗಿ ಅವರ ಕಾಲು ಮುಟ್ಟಿದಳು. "ತಪ್ಪಾಯ್ತು ಭಾವ. ನಿಮ್ ಉಪಕಾರ ಮರೆಯಲ್ಲ." ಅವರು ತಕ್ಷಣ ಏಳು ಎನ್ನಲಿಲ್ಲ. ಪಕ್ಕದವರ ಜೊತೆ ಊಟದ ವಿಷಯ ಒಂದೆರಡು ಮಾತಾಡಿದರು. ಆಮೇಲೆ, "ಸರಿ ಸರಿ, ಏಳಮ್ಮ. ದೊಡ್ ಮನಸ್ ನಂದು" ಎಂದರು. ಜನ ನಕ್ಕರು. ನನಗೆ ಅವಮಾನವಾಗಲಿಲ್ಲ. ನಾಚಿಕೆಗೆಟ್ಟು ಖುಷಿಯಾಗಿತ್ತು. ಕುದುರೆ ಉಳಿಯಿತಲ್ಲ!

ಮರುದಿನ ಬೆಳಿಗ್ಗೆ ಫ್ರೇಜರ್ ಟೌನಿನಿಂದ ಒಬ್ಬರು ಬಂದರು. ಮದುವೆ ಮೆರವಣಿಗೆಗೆ ಕುದುರೆ ಬಿಡುವವರು, ಹೆಸರು ಮಸ್ತಾನ್. ಕೈಯಲ್ಲಿ ಹಗ್ಗವಿತ್ತು.

"ಸಾಬ್ ಹೇಳಿದ್ರು, ತಗೊಂಡ್ ಹೋಗು ಅಂತ."

"ಯಾವಾಗ ಹೇಳಿದ್ರು?" ಅಮ್ಮ ಕೇಳಿದಳು.

"ಹೋದ್ ಜುಮ್ಮಾನೇ ಮಾತಾಗಿತ್ತಲ್ಲ ಅಮ್ಮಾ. ಫಂಕ್ಷನ್ ಮುಗೀಲಿ, ಆಮೇಲೆ ಬಾ ಅಂದಿದ್ರು. ನಿಮ್ಗೆ ಮಾಲೂಮ್ ಇಲ್ವಾ?"

ಹೋದ ಶುಕ್ರವಾರ. ಅಂದರೆ ಅಮ್ಮ ಬಗ್ಗಿದಾಗ ಕುದುರೆ ಆಗಲೇ ಮಾರಾಟವಾಗಿತ್ತು. ಬಗ್ಗಿ ನಿಂತವಳ ತಲೆಯ ಮೇಲೆ ಊಟದ ಮಾತಾಡುತ್ತಿದ್ದ ಮನುಷ್ಯನಿಗೆ ಅದು ಗೊತ್ತಿತ್ತು. ಇಷ್ಟು ವರ್ಷ ಕಳೆದು ಇದನ್ನು ಬರೆಯುವಾಗಲೂ ಹಲ್ಲು ಕಚ್ಚಿಕೊಳ್ಳುತ್ತೇನೆ. ಆ ಮನುಷ್ಯ ಹಾಸಿಗೆ ಹಿಡಿದು, ಎಲ್ಲರಿಂದ ಸೇವೆ ಮಾಡಿಸಿಕೊಂಡು, ನೆಮ್ಮದಿಯಾಗಿ ಸತ್ತ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಈ ಸಾಲು ಬಿಟ್ಟು ಓದಲಿ.

ಅಮ್ಮ ಅಳಲಿಲ್ಲ. ಬೆಂದ ಹುರುಳಿಯನ್ನು ಬಟ್ಟೆಯಲ್ಲಿ ಕಟ್ಟಿ ಮಸ್ತಾನರ ಕೈಗಿತ್ತಳು. "ಗೋಡೆ ನೆಕ್ಕತ್ತೆ. ಒಂದ್ ಉಪ್ಪಿನ್ ಹರಳು ಇಡಿ." ಮಗ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿತು ಎಂದು ಬರೆಯಲು ಕೈ ತುಡಿಯುತ್ತದೆ. ನೋಡಲಿಲ್ಲ. ಎಷ್ಟೋ ದಿನದ ಮೇಲೆ ಉದ್ದನೆಯ ರಸ್ತೆ ಸಿಕ್ಕಿತ್ತು, ಕಿವಿ ನಿಗುರಿಸಿಕೊಂಡು ಹೋಯಿತು.

ಆ ಕೊಟ್ಟಿಗೆ ಇದ್ದಲ್ಲಿ ಈಗ ಬಾಡಿಗೆ ಕೋಣೆಗಳು ಎದ್ದಿವೆ, ಎಲ್ಲವೂ ಹರೀಶನವು. ಕೊಟ್ಟಿಗೆ ಹೋಯಿತೆಂದು ನನಗೆ ದುಃಖವಿಲ್ಲ. ಕುದುರೆಯೂ ಎಂದೋ ಸತ್ತಿರುತ್ತದೆ. ಕಳೆದುಹೋದದ್ದು ಬೇರೆ, ಅದು ಏನೆಂದು ಗೊತ್ತಾದದ್ದು ಈ ಭಾನುವಾರ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆ ಕಲ್ಯಾಣ ನಗರದಲ್ಲಿದ್ದಾಳೆ. ಅಡುಗೆಮನೆಯ ಗೋಡೆ ಒಂದು ಕಡೆ ಉಬ್ಬಿತ್ತು. ಇಬ್ಬರೂ ಕೆರೆದು, ಪುಟ್ಟಿ ಮೆತ್ತಿ, ಸಮ ಮಾಡಿದೆವು. ಅವಳ ಕೈ ಈಗ ನಡುಗುತ್ತದೆ, ಆದರೂ ಮೂಲೆ ತಿದ್ದುವುದನ್ನು ನನಗೆ ಬಿಡಲಿಲ್ಲ. "ಅತ್ಲಾಗ್ ಸರಿ, ನೀನ್ ಮಾಡಿದ್ರೆ ಗುಡ್ಡ ಗುಡ್ಡ ಆಗತ್ತೆ" ಎಂದಳು. ಹೊಟ್ಟೆ ತುಂಬಿದಂಥ ಆ ಹಳೆಯ ಭಾವ ಎದ್ದು ಬಂತು. ಈ ಸಲ ಬಾಯಿಬಿಟ್ಟು ಹೇಳಿಯೇಬಿಡೋಣ ಎನ್ನಿಸಿತು.

"ಅಮ್ಮ, ನಿನ್ನಿಂದ ತುಂಬ ಉಪಕಾರ ಆಯ್ತು. ಅವತ್ತಿಂದಾನೂ. ಎಲ್ಲದಕ್ಕೂ."

ಅವಳ ಕೈ ನಿಂತಿತು. ಪುಟ್ಟಿಯ ತಗಡನ್ನು ಕೆಳಗಿಟ್ಟು, ಮುಖ ಗಂಭೀರ ಮಾಡಿಕೊಂಡು ನನ್ನತ್ತ ತಿರುಗಿದಳು.

"ಏನ್ ಮಾಡ್ಕೊಡ್ಬೇಕು, ಹೇಳು."