ಆಂಟೆನಾ ಕಂಬ ಬಿಡದ ಮಾಸ್ತರರು

೨೦೨೩ರ ಜೂನ್ ತಿಂಗಳು. ಲಂಡನ್ನಿನ ಮನೆಗಳ ಮೇಲೆ ಟಿವಿ ಆಂಟೆನಾ ಕೂರಿಸುವ ಕೆಲಸ ಹಿಡಿದು ನನಗೆ ಆಗ ಹದಿನೆಂಟು ವರ್ಷವಾಗಿತ್ತು. ಮನೆ ರೇನರ್ಸ್ ಲೇನಿನಲ್ಲಿ, ಸಾಮಾನು ಇಡುವ ಕೋಣೆ ಪಾರ್ಕ್ ರಾಯಲ್‌ನಲ್ಲಿ, ಕೆಲಸ ಊರ ತುಂಬ. ನಾನು ಬೆಳಗಾವಿಯವನಾದ್ದರಿಂದ, ನಮ್ಮ ಕಡೆಯವರ ಮನೆಯಲ್ಲಿ ಟಿವಿ ಕೈಕೊಟ್ಟರೆ ಮೊದಲು ನನ್ನ ಫೋನ್ ರಿಂಗಾಗುತ್ತಿತ್ತು. ಒಂದು ಗುಟ್ಟನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಎತ್ತರವೆಂದರೆ ಭಯ. ಮೊದಲ ದಿನವೂ ಇತ್ತು, ನಿವೃತ್ತನಾದ ದಿನವೂ ಇತ್ತು. ಕೆಲಸ ಕಲಿಸಿದ ಹಳೆಯ ಫಿಟ್ಟರ್ ಮಾತ್ರ, ಹೆದರದವನನ್ನು ಏಣಿ ಹತ್ತಿಸಲು ತನಗೆ ಧೈರ್ಯವಿಲ್ಲ ಎಂದು ನನ್ನನ್ನೇ ಇಟ್ಟುಕೊಂಡಿದ್ದ.

ಕೆಲಸದ ಬಗ್ಗೆ ಎರಡು ಮಾತು. ಇಲ್ಲಿ ಡಿಶ್ ಇಲ್ಲದೆ, ಇಂಟರ್ನೆಟ್ ಇಲ್ಲದೆ, ಮಾಡಿನ ಮೇಲಿನ ಒಂದು ಆಂಟೆನಾದಿಂದಲೇ ಎಚ್‌ಡಿ ಚಾನೆಲ್‌ಗಳು ಪುಕ್ಕಟೆ ಬರುತ್ತವೆ. ದಕ್ಷಿಣ ಲಂಡನ್ನಿಗೆಲ್ಲ ಕ್ರಿಸ್ಟಲ್ ಪ್ಯಾಲೇಸ್ ಗುಡ್ಡದ ಗೋಪುರವೇ ಆಧಾರ. ನಮ್ಮ ಹಳೆಯ ಕಾಲದ ಟಿವಿಯಲ್ಲಿ ಸಿಗ್ನಲ್ ಕಡಿಮೆಯಾದರೆ ಪರದೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕೆ ಬೀಳುತ್ತಿದ್ದವು, ಆದರೂ ಚಿತ್ರ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಆ ದಾಕ್ಷಿಣ್ಯವಿಲ್ಲ. ಬಂದರೆ ಕನ್ನಡಿಯಷ್ಟು ಸ್ವಚ್ಛ, ಇಲ್ಲವಾದರೆ ಚೌಕ ಚೌಕವಾಗಿ ಒಡೆದು ಮಾಯ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಿಗ್ನಲ್ ಅತಿಯಾದರೂ ಚಿತ್ರ ಹೀಗೇ ಒಡೆಯುತ್ತದೆ.

ಆ ಬುಧವಾರ ಮಧ್ಯಾಹ್ನ ವ್ಯಾನಿನಲ್ಲಿ ಕೂತು ಚಪಾತಿ ತಿನ್ನುತ್ತಿದ್ದೆ. ಕ್ರೋಯ್ಡನ್ನಿನ ಉತ್ತರದ ಅಂಚಿನಿಂದ ಸುಜಾತಾ ಫೋನ್ ಮಾಡಿದಳು. ಧಾರವಾಡದ ಹುಡುಗಿ, ಪರಿಚಯದವಳು. ಅವಳ ತಂದೆ ಶಂಕ್ರಪ್ಪ ಮಾಸ್ತರರು ಆರು ತಿಂಗಳ ಮಟ್ಟಿಗೆ ಬಂದಿದ್ದರು. ಎಪ್ಪತ್ತಾರು ವಯಸ್ಸು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವರಿಗೆ ಟೆನಿಸ್ ನೋಡುವ ಹುಚ್ಚು ಹತ್ತಿತ್ತು, ಆದರೆ ಚೆಂಡು ಕಾಣಬೇಕಾದರೆ ಎಚ್‌ಡಿಯೇ ಬೇಕು. ಎಚ್‌ಡಿ ಚಾನೆಲ್‌ಗಳೇ ಒಡೆಯುತ್ತಿದ್ದವು.

ಬಾಯಲ್ಲಿ ತುತ್ತಿತ್ತು. ಯೋಚಿಸಲಿಲ್ಲ.

"ಆಂಟೆನಾ ಸ್ವಲ್ಪ ತಿರುಗಿರಬೇಕವ್ವಾ. ಶನಿವಾರ ಬಂದು ಸರಿಮಾಡ್ತೀನಿ," ಎಂದುಬಿಟ್ಟೆ. ಅವಳ ಫೋನ್ ಸ್ಪೀಕರ್‌ನಲ್ಲಿತ್ತು ಎಂಬುದು ನನಗೆ ತಿಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರ ಬೀದಿಗೆ ತಿರುಗಿದೆ. ಬೆಳಿಗ್ಗೆ ತುಂತುರು ಬಿದ್ದು ನಿಂತಿತ್ತು. ಒಂದಕ್ಕೊಂದು ಅಂಟಿಕೊಂಡ ನೂರು ವರ್ಷದ ಮನೆಗಳ ಸಾಲು, ಕಡಿದಾದ ಇಳಿಜಾರು ಮಾಡು, ಮೇಲೆ ಕಲ್ಲುಹಂಚು. ಮಳೆ ಬಿದ್ದರೆ ಅದು ಎಣ್ಣೆ ಸವರಿದ ಹೆಂಚಿನಂತೆ ಜಾರುತ್ತದೆ. ಅಭ್ಯಾಸದಂತೆ ವ್ಯಾನಿನಿಂದಲೇ ತಲೆಯೆತ್ತಿ ಆಂಟೆನಾ ನೋಡಿದೆ. ಆಂಟೆನಾದ ಪಕ್ಕದಲ್ಲಿ ಮಾಸ್ತರರಿದ್ದರು.

ಉಣ್ಣೆಯ ಸ್ವೆಟರ್, ಮಂಕಿ ಕ್ಯಾಪ್, ಬರಿಗಾಲು. ಒಂದು ಚಪ್ಪಲಿ ಅವರಿಗಿಂತ ಹತ್ತಡಿ ಕೆಳಗೆ ಮಾಡಿನ ಅಂಚಿನ ಮಳೆನೀರು ಹರಿಯುವ ದೋಣಿಯಲ್ಲಿ ಬಿದ್ದಿತ್ತು. ಚಿಮ್ನಿಗೆ ಕಟ್ಟಿದ ಆಂಟೆನಾ ಕಂಬವನ್ನು ಎರಡೂ ಕೈಯಿಂದ ತಬ್ಬಿ, ಹಂಚಿನ ಮೇಲೆ ಬೋರಲು ಮಲಗಿದ್ದರು. ಕೆಳಗೆ ಮೂವತ್ತಡಿ, ಆಮೇಲೆ ಕಲ್ಲು ಹಾಸಿದ ಅಂಗಳ, ಮೊನಚು ತುದಿಯ ಕಬ್ಬಿಣದ ಬೇಲಿ. ಮನೆಯೊಳಗಿನಿಂದ ಸುಜಾತಾಳ ಧ್ವನಿ ಹರ್ಷವಾಗಿಯೇ ಕೇಳುತ್ತಿತ್ತು.

"ಬಂತಪ್ಪಾ! ಅಯ್ಯ, ಹೋತು! ಇನ್ನೊಂಚೂರು ಈ ಕಡೆ!"

ಆ ಕೂಗು ನಮ್ಮ ಊರಿನಲ್ಲಿ ಬೆಳೆದವರಿಗೆಲ್ಲ ಗೊತ್ತು. ಒಬ್ಬರು ಮಾಳಿಗೆಯ ಮೇಲೆ ಆಂಟೆನಾ ತಿರುಗಿಸಬೇಕು, ಒಬ್ಬರು ಟಿವಿ ಮುಂದೆ ನಿಂತು ಕೂಗಬೇಕು. ಧಾರವಾಡದಲ್ಲಿ ಇಡೀ ಓಣಿಯ ಆಂಟೆನಾ ತಿರುಗಿಸುತ್ತಿದ್ದವರು ಈ ಮಾಸ್ತರರೇ. ಆದರೆ ಅಲ್ಲಿಯ ಮಾಳಿಗೆ ಸಪಾಟು, ಅದರ ಮೇಲೆ ಹಪ್ಪಳ ಒಣಗಿಸಬಹುದು. ಇಲ್ಲಿಯ ಮಾಡಿನ ಮೇಲೆ ಪಾರಿವಾಳ ಕೂಡ ನೋಡಿಕೊಂಡು ಕೂರುತ್ತದೆ.

ಕೂಗಿ ಕರೆದರೆ ಬೆಚ್ಚಿ ಕೈಬಿಟ್ಟಾರೆಂದು ನಾನು ಬಾಯಿ ತೆರೆಯಲಿಲ್ಲ. ಪಕ್ಕದ ಮನೆಯಾಕೆ ಕಸದ ಡಬ್ಬಿ ಎಳೆದುಕೊಂಡು ಹೊರಬಂದಿದ್ದಳು. ಮೇಲೆ ತೋರಿಸಿ, ತುರ್ತು ಸಂಖ್ಯೆ ೯೯೯ಕ್ಕೆ ಫೋನ್ ಮಾಡಲು ಹೇಳಿ ಒಳಗೆ ಓಡಿದೆ. ಸುಜಾತಾ ರಿಮೋಟ್ ಹಿಡಿದು ಟಿವಿ ಮುಂದೆ ನಿಂತಿದ್ದಳು.

"ನಿಮ್ಮ ಅಪ್ಪಾರು ಎಲ್ಲಿ?"

"ಲಾಫ್ಟ್‌ನ್ಯಾಗ, ಅಣ್ಣಾರ. ಆಂಟೆನಾ ಅಲ್ಲೇ ಐತಿ ಅಂದ್ರು. ಯಾಕ್ರಿ?"

ನನ್ನ ಮುಖ ನೋಡಿ ಅವಳ ಕೈಯಿಂದ ರಿಮೋಟ್ ಬಿತ್ತು. ಕೂಗಬೇಡ, ಇಲ್ಲಿಂದ ಅಲುಗಬೇಡ ಎಂದಷ್ಟೇ ಹೇಳಿದೆ.

ವ್ಯಾನಿನ ಮೇಲಿನ ಉದ್ದನೆಯ ಏಣಿ ಬಿಚ್ಚಿ ನಿಲ್ಲಿಸಲು ಒಬ್ಬನಿಗೆ ಹದಿನೈದು ನಿಮಿಷ ಬೇಕು. ಅಷ್ಟು ಹೊತ್ತು ಆ ಕೈಗಳು ಹಿಡಿದಿರುತ್ತವೆ ಎಂಬ ನಂಬಿಕೆ ನನಗಿರಲಿಲ್ಲ. ಎರಡು ಹಗ್ಗ, ಸೊಂಟದ ಬೆಲ್ಟು, ಎರಡು ತುಂಡಾಗಿ ಬರುವ ಕೊಕ್ಕೆ ಏಣಿ ಎಳೆದುಕೊಂಡೆ. ಕೊಕ್ಕೆ ಏಣಿಯೆಂದರೆ ಮಾಡಿನ ನೆತ್ತಿಗೆ ಸಿಕ್ಕಿಸಿ ಹಂಚಿನ ಮೇಲೆ ಮಲಗಿಸುವಂಥದ್ದು. ಅವನ್ನು ಹೊತ್ತು ಮಾಡಿನ ಕೆಳಗಿನ ಅಟ್ಟಕ್ಕೆ, ಅಂದರೆ ಲಾಫ್ಟಿಗೆ, ಹತ್ತಿದೆ. ಅಲ್ಲಿಯ ಬೆಳಕಿಂಡಿ ತೆರೆದೇ ಇತ್ತು, ಕೆಳಗೆ ಸ್ಟೂಲು. ಒಂದು ಹಗ್ಗವನ್ನು ತೊಲೆಗೆ ಬಿಗಿದು ಬೆಲ್ಟಿಗೆ ಸಿಕ್ಕಿಸಿಕೊಂಡು ತಲೆ ಹೊರಹಾಕಿದೆ. ಮಾಸ್ತರರು ಏಳಡಿ ಆಚೆಗಿದ್ದರು. ಕೆಳಗೆ ನೋಡಬಾರದೆಂದು ಹದಿನೆಂಟು ವರ್ಷ ಬೇರೆಯವರಿಗೆ ಹೇಳಿದವನು ಅಂದು ನೋಡಿಬಿಟ್ಟೆ. ಹೆದರುತ್ತಲೇ ಏಣಿ ಸಿಕ್ಕಿಸಿದೆ, ಹೆದರುತ್ತಲೇ ಅದರ ಮೇಲೆ ತೆವಳಿದೆ. ಎರಡನೆಯ ಹಗ್ಗವನ್ನು ಅವರ ಕಂಕುಳ ಕೆಳಗೆ ತೂರಿಸಿ ಗಂಟು ಹಾಕಿ, ಇನ್ನೊಂದು ತುದಿಯನ್ನು ಚಿಮ್ನಿಗೆ ಸುತ್ತಿ ಕೈಯಲ್ಲಿ ಹಿಡಿಯುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು.

"ಸರ್ರ, ನಾನು ಮಲ್ಲಿಕಾರ್ಜುನ. ಇನ್ನ ಬೀಳೂದಿಲ್ಲ ನೀವು. ಒಂದು ಕೈ ಬಿಟ್ಟು ಏಣಿ ಹಿಡೀರಿ."

"ಆಗೂದಿಲ್ಲ." ಅವರ ತುಟಿ ನೀಲಿಯಾಗಿತ್ತು. "ಕೈ ಬಿಟ್ರ ಚಿತ್ರ ಹೋಗತೈತಿ."

ಭಯ ಮನುಷ್ಯನಿಗೆ ಎಂಥ ನೆಪ ಒದಗಿಸುತ್ತದೆ ಎಂದು ಅಂದು ಕಂಡೆ. ಬೆರಳು ಮರಗಟ್ಟಿದ್ದವು. ಅದನ್ನು ಒಪ್ಪಿಕೊಳ್ಳುವ ಬದಲು ಆ ಜೀವ ಟೆನಿಸ್ಸಿನ ಚಿತ್ರವನ್ನು ಹಿಡಿದುಕೊಂಡಿತ್ತು. ನಾನು ಬೇಡಿಕೊಂಡೆ, ಗದರಿದೆ. ಚಿತ್ರ ಬಂದಿದೆ, ಇನ್ನು ಇಳಿಯಿರಿ ಎಂದು ಸುಳ್ಳನ್ನೂ ಹೇಳಿದೆ.

"ನಿಮಗೇನ ಗೊತ್ತು? ನೀವೂ ಮ್ಯಾಲೇ ಅದೀರಿ. ಟಿವಿ ಮುಂದ ನಿಂತಾಕಿ ಹೇಳಬೇಕು."

ಅದು ಮಾಳಿಗೆಯ ಕಾನೂನು. ಕೆಳಗಿನವರು ಹೇಳುವ ತನಕ ಮೇಲಿನವರು ಕೈಬಿಡುವಂತಿಲ್ಲ. ನಾನು ಬೆಳಕಿಂಡಿಯತ್ತ ತಿರುಗಿ, "ಸುಜಾತಾ, ಬಂತು ಅನ್ನವ್ವಾ!" ಎಂದು ಕೂಗಿದೆ. ಮಾಸ್ತರರ ಎಡಗಾಲು ಒಂದು ಗೇಣು ಜಾರಿತು, ಹಗ್ಗ ಬಿಗಿದು ನನ್ನ ಅಂಗೈ ಸುಲಿಯಿತು. ಆಗ ಮೂರು ಅಂತಸ್ತಿನ ಮೆಟ್ಟಿಲು ದಾಟಿ ಕೂಗು ಬಂತು. ತಂದೆಯನ್ನು ಸದಾ ಬಹುವಚನದಲ್ಲಿ ಮಾತನಾಡಿಸುವವಳು ಅಂದು ಎಂಟು ವರ್ಷದ ಹುಡುಗಿಯಾಗಿದ್ದಳು.

"ಬಂತಪ್ಪಾ! ಸಾಕು! ಇಳಿ!"

ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಏಣಿ ಹಿಡಿದರು, ನನ್ನ ಹೆಗಲು ಹಿಡಿದರು, ಕೂಸಿನಂತೆ ಕಾಲು ಮುಂದಾಗಿ ಬೆಳಕಿಂಡಿಯೊಳಗೆ ಇಳಿದರು. ನಾನು ಅವರ ಹಿಂದೆ ಇಳಿದು ಲಾಫ್ಟಿನ ಧೂಳಿನಲ್ಲಿ ಕೂತುಬಿಟ್ಟೆ. ಅಳುತ್ತಿದ್ದೆನೆಂಬುದು ಕೆನ್ನೆ ಒರೆಸಿಕೊಂಡಾಗ ಗೊತ್ತಾಯಿತು.

ಅಷ್ಟರಲ್ಲಿ ಅಗ್ನಿಶಾಮಕದವರು ಬಂದರು. ಅವರ ಹಿರಿಯ ಎಲ್ಲವನ್ನೂ ಕೇಳಿ, ಒಬ್ಬನೇ ಮಾಡಿನ ಮೇಲೆ ಹೋದದ್ದಕ್ಕೆ ನನಗೂ ಎರಡು ಬಿರುಸು ಮಾತು ಹೇಳಿ, ಮಾಸ್ತರರನ್ನು ಯಾರು ಮೇಲೆ ಹತ್ತಿಸಿದರು ಎಂದು ವಿಚಾರಿಸಿದ. ಕಂಬಳಿ ಹೊದ್ದು ಚಹಾ ಕುಡಿಯುತ್ತಿದ್ದ ಮಾಸ್ತರರು ತಮ್ಮ ಶಾಲೆಯ ಇಂಗ್ಲಿಷಿನಲ್ಲಿ, "ನೋಬಡಿ. ಮೈ ಓನ್ ಐಡಿಯಾ," ಎಂದರು.

ಅವರೆಲ್ಲ ಹೋದ ಮೇಲೆ ಮೀಟರ್ ತೆಗೆದೆ. ಬುಧವಾರವೇ ತೆಗೆಯಬೇಕಾಗಿದ್ದ ಮೀಟರ್. ಟಿವಿಗೆ ನಲವತ್ತೈದರಿಂದ ಅರವತ್ತೈದರ ತನಕ ಸಿಗ್ನಲ್ ಇದ್ದರೆ ಸಾಕು, ಇದನ್ನು ಡಿಬಿ ಮೈಕ್ರೋವೋಲ್ಟ್ ಎನ್ನುತ್ತಾರೆ. ಅಲ್ಲಿ ತೊಂಬತ್ತನಾಲ್ಕು ಇತ್ತು. ಟಿವಿ ಹಿಂದೆ ಬಗ್ಗಿ ನೋಡಿದರೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಬೂಸ್ಟರ್, ಅಂದರೆ ಸಿಗ್ನಲ್ ಹೆಚ್ಚಿಸುವ ಡಬ್ಬಿ. ಚಿತ್ರ ಇನ್ನೂ ಚೆನ್ನಾಗಿ ಬರಲೆಂದು ಮಾಸ್ತರರ ಅಳಿಯ ಆನ್‌ಲೈನ್‌ನಲ್ಲಿ ತರಿಸಿದ್ದ. ಗೋಪುರ ಎರಡು ಮೈಲಿಯಲ್ಲಿರುವ ಮನೆಗೆ ಬೂಸ್ಟರ್ ಎಂದರೆ ಕಿವಿ ಚೆನ್ನಾಗಿರುವವನ ಕಿವಿಯಲ್ಲಿ ಕಿರುಚಿದಂತೆ. ಅದನ್ನು ಕಿತ್ತು, ಸಿಗ್ನಲ್ ತಗ್ಗಿಸುವ ಹೆಬ್ಬೆರಳಿನಷ್ಟು ತುಂಡೊಂದನ್ನು ಸಿಕ್ಕಿಸಿದೆ. ಅರವತ್ತೆರಡು. ಎಚ್‌ಡಿ ಎಲ್ಲವೂ ಬಂದವು. ಹುಲ್ಲಿನ ಒಂದೊಂದು ಎಸಳು ಕಂಡಿತು. ಕೆಲಸ ಹಿಡಿದದ್ದು ನಾಲ್ಕು ನಿಮಿಷ. ಮಾಸ್ತರರು ತಿರುಗಿಸಿಟ್ಟ ಆಂಟೆನಾವನ್ನು ಮರುದಿನ ಇನ್ನೊಬ್ಬ ಫಿಟ್ಟರನೊಂದಿಗೆ ಬಂದು ನೇರ ಮಾಡಿದೆ.

ಅಂದು ಹೊರಡುವಾಗ ಮಾಸ್ತರರು ಬಾಗಿಲ ತನಕ ಬಂದರು. ಸುಜಾತಾ ಅಡುಗೆಮನೆಯಲ್ಲಿದ್ದಳು. ತಗ್ಗಿದ ದನಿಯಲ್ಲಿ ಹೇಳಿದರು:

"ಫೋನಿನ್ಯಾಗ ಕೇಳಿಸಿತ್ರೀ ನಿಮ್ಮ ಮಾತು. ಆಂಟೆನಾ ತಿರುಗಿರಬೇಕು ಅಂದ್ರಿ. ತಿಳದವ್ರು ಹೇಳ್ಯಾರ, ಅದಕ್ಕ ನಿಮಗ್ಯಾಕ ತ್ರಾಸು ಅಂತ ನಾನ ಹತ್ತಿದೆ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಹಗುರಾಗುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಸುಜಾತಾಳಿಗೆ ಅದನ್ನೆಲ್ಲ ನನ್ನ ಬಾಯಿಂದಲೇ ಹೇಳಿ ಬಂದೆ. ಅವಳು ಬಹಳ ಹೊತ್ತು ನನ್ನ ಸುಲಿದ ಅಂಗೈಯನ್ನು ನೋಡಿದಳು.

ಮಾತು ಆಡಿದರೆ ಹೋಯಿತು ಮುತ್ತು ಒಡೆದರೆ ಹೋಯಿತು ಎಂಬುದನ್ನು ಮನೆಜಗಳಕ್ಕೆ ಸಂಬಂಧಿಸಿದ ಗಾದೆ ಎಂದುಕೊಂಡಿದ್ದೆ. ನನ್ನ ಕಸುಬಿಗೂ ಅದೇ ಗಾದೆ ಎಂದು ಅಂದು ತಿಳಿಯಿತು. ಆಮೇಲೆ ಕೆಲಸದಲ್ಲಿದ್ದಷ್ಟು ದಿನ ಯಾರು ಫೋನ್ ಮಾಡಿ, ಏನಾಗಿರಬಹುದು ಎಂದು ಕೇಳಿದರೂ ಒಂದೇ ಉತ್ತರ ಕೊಟ್ಟೆ: ಮೀಟರ್ ಇಡದೆ ಹೇಳಲಾರೆ, ನಾನು ಬರುವ ತನಕ ಯಾರೂ ಮೇಲೆ ಹತ್ತಬೇಡಿ. ಇಷ್ಟೂ ಗೊತ್ತಿಲ್ಲವೇ ಎಂದು ಕೆಲವರು ನಕ್ಕರು. ನಗಲಿ ಎಂದುಕೊಂಡು, ಫೋನ್ ಇಡುವ ಮೊದಲು, ಹತ್ತಬೇಡಿ ಎಂಬುದನ್ನು ಇನ್ನೊಮ್ಮೆ ಹೇಳುತ್ತಿದ್ದೆ.