ಸರ್ಪಸುತ್ತಿಗೆ ಮಿಸ್ ಹೇಳಿದ ಉತ್ತರ

ಹಸಿ ಜಾಜಿನ ವಾಸನೆ ಈಗ ಕೆಲವು ದಿನಗಳಿಂದ ನನ್ನ ಮೈಯಿಂದಲೇ ಬರುತ್ತಿದೆ. ಹೊಸ್ತಿಲಿಗೆ, ಗೋಡೆಯ ಅಂಚಿಗೆ ಬಳಿಯುತ್ತಾರಲ್ಲ, ಅದೇ ಕೆಂಪು ಜಾಜು. ತುಕ್ಕು ಹಿಡಿದ ಕೊಡದಲ್ಲಿ ನೀರು ನಿಂತರೆ ಬರುವಂಥ ವಾಸನೆ.

ಎಡ ಸೊಂಟದಿಂದ ಬೆನ್ನಿನವರೆಗೆ ನನಗೆ ಸರ್ಪಸುತ್ತು ಎದ್ದಿದೆ. ಸ್ಕಿನ್ ಡಾಕ್ಟರು ಶಿಂಗಲ್ಸ್ ಎಂದು ಮಾತ್ರೆ ಬರೆದುಕೊಟ್ಟರು, ತಪ್ಪದೆ ನುಂಗುತ್ತಿದ್ದೇನೆ. ಆದರೂ ಉರಿ ತಡೆಯಲಾಗದ ಒಂದು ಮಧ್ಯಾಹ್ನ ನನ್ನ ಸೊಸೆ ಹಲಕುಂದಿಯಿಂದ ಒಬ್ಬ ಅಜ್ಜಿಯನ್ನು ಕರೆತಂದಳು. “ಅತ್ತಿ, ಮಾತ್ರಿ ಅದರ ಕೆಲಸ ಅದು ಮಾಡ್ಲಿ, ಜಾಜು ಅದರ ಕೆಲಸ ಅದು ಮಾಡ್ಲಿ. ನಿಮ್ಮ ಇಂಗ್ಲಿಷಿಗೇನು ಮೈಲಿಗಿ ಆಗಂಗಿಲ್ಲ,” ಎಂದಳು. ನಾನ್‌ಸೆನ್ಸ್ ಎಂದು ಬೈಯಲು ಬಾಯಿ ತೆರೆದವಳು ಸೆರಗು ಸರಿಸಿ ಕುಳಿತೆ. ಗುಳ್ಳೆಗಳ ಸುತ್ತ ಅಜ್ಜಿ ಕೆಂಪು ಹಾವು ಬರೆಯುವಾಗ ನಾಚಿಕೆಯಿಂದ ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ನಮ್ಮ ಬಯಾಲಜಿ ಮಿಸ್ ಬಂದು ನಿಂತರು...

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ ಅವರು ದಿನಾ ಕುರುಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಸೀರೆ, ಹಣೆಯ ಮೇಲೆ ತೆಳ್ಳನೆಯ ವಿಭೂತಿ. ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಕಣ್ಣು ಕೆಂಪಗೆ ಮಾಡುವ ಸಿಸ್ಟರ್‌ಗಳ ನಡುವೆ, ಕ್ಲಾಸಿನಲ್ಲಿ ರಾಜಾರೋಷವಾಗಿ ಕುರುಗೋಡಿನ ಮಾತು ಆಡುತ್ತಿದ್ದವರು ಅವರೊಬ್ಬರೇ. ದೊಡ್ಡವಳಾದ ಮೇಲೆ ನಾನು ಅವರಾಗಬೇಕು ಎಂದು ಕನ್ನಡಿಯ ಮುಂದೆ ನಿಂತು ಅವರ ಹಾಗೆ ಹುಬ್ಬು ಏರಿಸುವುದನ್ನು ಪ್ರಾಕ್ಟೀಸ್ ಮಾಡಿದ್ದೇನೆ.

ಶುಕ್ರವಾರದ ಕೊನೆಯ ಪೀರಿಯಡ್ ಓರಲ್ ಟೆಸ್ಟ್. ಅವರು ರೋಗದ ಹೆಸರು ಹೇಳುವರು. ನಾವು ಎದ್ದು ಅದು ವೈರಸ್ಸೋ ಫಂಗಸ್ಸೋ ಹೇಳಬೇಕು, ಹೇಗೆ ಅಂಟುತ್ತದೆ ಎಂದೂ ಹೇಳಬೇಕು.

“ಗಜಕರ್ಣ?”

“ಫಂಗಸ್, ಮಿಸ್. ಒದ್ದಿ ಬಟ್ಟಿ ಹಾಕ್ಕೊಂಡ್ರ, ಒಬ್ಬರ ಟವೆಲ್ಲು ಇನ್ನೊಬ್ಬರು ಒರಸ್ಕೊಂಡ್ರ ಬರ್ತೈತ್ರಿ.”

“ರಿಂಗ್‌ವರ್ಮ್ ಅಂತಾರಲ್ಲ, ಹಂಗಾದ್ರ ಹುಳ ಎಲ್ಲೈತಿ?”

“ಹುಳ ಇಲ್ಲ ಮಿಸ್, ಬರೇ ಹೆಸರು.”

“ಅಮ್ಮ ಬರೋದು?” ಚಿಕನ್‌ಪಾಕ್ಸಿಗೆ ನಮ್ಮ ಕಡೆ ಹಾಗೇ ಅನ್ನುವುದು. ಹಿಂದಿನ ಬೆಂಚಿನಿಂದ ಯಾರೋ, “ದೇವಿ, ಮಿಸ್!” ಎಂದರು.

“ದೇವಿ ಆದ್ರ ಮನ್ಯಾಗ ಕುಂತು ಪೂಜಿ ಮಾಡು, ವೈರಸ್ ಆದ್ರ ಮನ್ಯಾಗ ಮಲಕ್ಕೊ. ಹೆಂಗಿದ್ರೂ ಸಾಲಿಗೆ ಬರಬ್ಯಾಡ!”

ಹೀಗೆ ನಗಿಸುತ್ತಲೇ ಕಲಿಸಿದರು. ನಗುವುದನ್ನೂ ಕಲಿಸಿದರು...

ನಮ್ಮ ಕ್ಲಾಸಿನಲ್ಲಿ ಒಬ್ಬಳು ಸಿರುಗುಪ್ಪದ ಕಡೆಯವಳಿದ್ದಳು. ದೇಶನೂರಿನಲ್ಲಿ ಅವರದು ಭತ್ತದ ಗದ್ದೆ. ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ನಾಟಿಯ ಕಾಲದಲ್ಲಿ ಬೆರಳ ಸಂದು ಕೊಳೆಯುವ ಕೆಸರುಹುಣ್ಣನ್ನು ಮನೆಯಲ್ಲೇ ಕಂಡಿದ್ದ ಅವಳಿಗೆ ಫಂಗಸ್ಸಿನ ಪಾಠ ನೀರು ಕುಡಿದಷ್ಟು ಸಲೀಸು. ಒಂದು ಶುಕ್ರವಾರ ಮಿಸ್ ಅವಳಿಗೆ ಸರ್ಪಸುತ್ತು ಕೇಳಿದರು. ವೈರಸ್ ಎಂದು ಸರಿಯಾಗಿಯೇ ಹೇಳಿದಳು. ಅಷ್ಟಕ್ಕೇ ಕೂರಬಹುದಿತ್ತು.

“ನಮ್ಮನ್ಯಾಗ ಜಾಜಿಲೆ ಸುತ್ತಲೂ ಹಾವು ಬರೀತಾರ್ರಿ, ಮಿಸ್. ಸುತ್ತು ಬೆಳದು ಹೆಡಿ ಬಾಲ ಕೂಡಿದ್ರ ಮನಷ್ಯಾ ಉಳಿಯಂಗಿಲ್ಲಂತ.”

ಮಿಸ್ ಚಾಕ್‌ಪೀಸ್ ಕೆಳಗಿಟ್ಟರು. ಹುಬ್ಬು ಏರಿತು. “ಹೌದೇನು? ವೈರಸ್ಸಿಗೆ ಕಣ್ಣು ಅದಾವೇನಲೇ, ಹಾವಿನ ಚಿತ್ರ ನೋಡಿ ಅಂಜಾಕ? ಮುಂಗುಸಿ ಬರೀರಿ, ಇನ್ನೂ ಲಗೂನ ಓಡಿಹೋಗ್ತೈತಿ!”

ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ಅಳಲಿಲ್ಲ. ಡೆಸ್ಕಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಅವತ್ತಿನಿಂದ ಅವಳಿಗೆ ಮುಂಗುಸಿ ಎಂದೇ ಹೆಸರು ಬಿತ್ತು.

ಕೆಲವು ತಿಂಗಳು ಕಳೆದ ಮೇಲೆ ಮಿಸ್ ಶಾಲೆಗೆ ಬರುವುದು ನಿಂತಿತು. ಮೈಯಲ್ಲಿ ಹುಷಾರಿಲ್ಲವಂತೆ ಎಂದರು ಸಿಸ್ಟರ್. ವಕೀಲರಾಗಿದ್ದ ನಮ್ಮಪ್ಪ ಆ ವಾರ ಕಾರಿನಲ್ಲಿ ಕುರುಗೋಡಿಗೆ ಹೊರಟಿದ್ದರಿಂದ, ಸಿಸ್ಟರ್ ಒಂದು ಬಾಟಲಿ ಕ್ಯಾಲಮೈನ್ ಲೋಷನ್ನೂ ಒಂದಿಷ್ಟು ಮೋಸಂಬಿಯೂ ಕೊಟ್ಟು ನನ್ನನ್ನು ಕಳಿಸಿದರು. ಜೊತೆಗೆ ಸಿರುಗುಪ್ಪದವಳನ್ನು. ಲೋಷನ್ ಏಕೆಂದು ನಾವು ಯೋಚಿಸಲೇ ಇಲ್ಲ.

ಗುಡ್ಡದ ಬುಡದ ಓಣಿಯಲ್ಲಿ ಅವರ ಮನೆ. ಬಾಗಿಲು ತೆರೆದೇ ಇತ್ತು. ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಏನೂ ಕಾಣಲಿಲ್ಲ, ಮಿಸ್ಸಿನ ದನಿಯಷ್ಟೇ ಕೇಳಿತು. ಕ್ಲಾಸಿನಲ್ಲಿ ಎಂದೂ ಕೇಳದ, ಸಣ್ಣ ಮಗುವಿನ ದನಿ. “ಯವ್ವಾ, ಬೆನ್ನಿನ ಕಡಿ ನೋಡ ಬೇ. ಅಲ್ಲಿ ಇನ್ನೊಂದು ಹಾವು ಬರಿ. ಹೆಡಿ ಬಾಲ ಕೂಡಾಕ ಬಿಡಬ್ಯಾಡ...”

ಕಣ್ಣು ಹೊಂದಿಕೊಂಡಾಗ ಕಂಡದ್ದು, ಮಣೆಯ ಮೇಲೆ ಸೆರಗು ಸರಿಸಿ ಕುಳಿತ ಮಿಸ್, ಹಿಂದೆ ಜಾಜಿನ ಬಟ್ಟಲು ಹಿಡಿದ ಅವರ ತಾಯಿ. ತಾಯಿಯ ಒತ್ತಾಯಕ್ಕೆ ಕುಳಿತಿದ್ದರೆ ನಮಗೂ ಏನೋ ಒಂದು ಸಮಾಧಾನ ಇರುತ್ತಿತ್ತು. ಆದರೆ ಹಾವು ಬರಿ ಎಂದು ಬೇಡುತ್ತಿದ್ದವರು ಮಿಸ್ಸೇ.

“ಬರ್ರಿ, ಬರ್ರಿ,” ಎಂದಳು ಆ ಮುದುಕಿ, ಸಂಭ್ರಮದಿಂದ. “ನಿಮ್ಮ ಮಿಸ್ಸಿಗೆ ಒಂದೀಟು ಬುದ್ಧಿ ಹೇಳ್ರಿ. ಎರಡು ಹಾವು ಸಾಲಂಗಿಲ್ಲಂತ ಈಕಿಗೆ!”

ಮಿಸ್ ಧಡಕ್ಕನೆ ಸೆರಗು ಎಳೆದುಕೊಂಡರು. ಬಿಳಿ ಸೀರೆಗೆ ಕೆಂಪು ಮೆತ್ತಿತು. ನಾನು ಮೋಸಂಬಿಯ ಚೀಲ ಹಿಡಿದುಕೊಂಡು, ನೆಲ ಬಾಯಿಬಿಡಬಾರದೇ ಎಂದು ನಿಂತಿದ್ದೆ. ಅಪಮಾನ ಅವರದು, ಕಿವಿ ಬಿಸಿಯಾದದ್ದು ನನ್ನದು.

ಸಿರುಗುಪ್ಪದವಳು ಹೋಗಿ ಲೋಷನ್ ಬಾಟಲಿಯನ್ನು ಮಣೆಯ ಪಕ್ಕ ಇಟ್ಟಳು. ಈಗ ಸೇಡು ತೀರಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ, “ಮಿಸ್, ನಮ್ಮ ಅಮ್ಮ ಜಾಜಿಗೆ ಒಂಚೂರು ಹಾಲು ಕಲಸ್ತಾಳ್ರಿ. ಉರಿ ತಣ್ಣಗಾಕ್ಕೈತಿ,” ಎಂದಳು.

ಬೈದಿದ್ದರೆ ಮಿಸ್ ತಡೆದುಕೊಳ್ಳುತ್ತಿದ್ದರು. ಈ ಮಾತಿಗೆ ಅವರು ಗೋಡೆಯ ಕಡೆ ತಿರುಗಿಬಿಟ್ಟರು.

ವಾಪಸು ಬರುವಾಗ ಅವಳು ಕಾರಿನಲ್ಲಿ ನನ್ನ ತೋಳು ಚಿವುಟಿ ಹೇಳಿದಳು: “ಯಾರ ಮುಂದಾರ ಬಾಯಿ ಬಿಟ್ಟಿ ಅಂದ್ರ ನೋಡಲೇ, ನಿನ್ನ ಕೂಡ ಮಾತು ಬಿಡ್ತೀನಿ.” ನಾನು ಬಾಯಿ ಬಿಡಲಿಲ್ಲ.

ಮಿಸ್ ಮರಳಿ ಬಂದರು, ಸ್ವಲ್ಪ ಇಳಿದಿದ್ದರು. ಶುಕ್ರವಾರ ಟೆಸ್ಟ್ ನಡೆಸುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದೆ. ನಡೆಸಿದರು. ಆ ಒಂದು ಹೆಸರನ್ನು ಬಿಟ್ಟು ಹೋಗಬಹುದಿತ್ತು, ಬಿಡಲಿಲ್ಲ. ಸಿರುಗುಪ್ಪದವಳನ್ನೇ ಮುಂದೆ ಕರೆದು ನಿಲ್ಲಿಸಿದರು.

“ಸರ್ಪಸುತ್ತು?”

“ವೈರಸ್, ಮಿಸ್. ಅಮ್ಮ ಬಂದಾಗಿಂದ ಮೈಯಾಗ ಸುಮ್ನ ಮಲಗಿರ್ತೈತ್ರಿ. ಶಕ್ತಿ ಕುಂದಿದಾಗ ಏಳ್ತೈತ್ರಿ.”

“ಅದಕ್ಕ ಏನು ಹಚ್ಚತಾರ?”

“ಕ್ಯಾಲಮೈನ್, ಮಿಸ್.”

“ಅಷ್ಟ ಏನು?”

“ಅಷ್ಟ್ರಿ, ಮಿಸ್.”

ಮಿಸ್ ನಮ್ಮ ಕಡೆ ತಿರುಗಿದರು. “ಜಾಜು ಹಚ್ಚಿದ್ರ ವೈರಸ್ ಸಾಯಂಗಿಲ್ಲ. ಆದ್ರ ಹಚ್ಚೋರನ್ನ ನಾ...” ಎಂದು ಶುರು ಮಾಡಿದರು. ಜಾಜು ಎಂದದ್ದೇ ಸಾಕಾಯಿತು. ಹಿಂದಿನ ಬೆಂಚಿನಿಂದ, “ಮುಂಗುಸಿ ಬರೀಬೇಕು, ಮಿಸ್!” ಎಂದು ಕೂಗು ಬಂತು. ಕ್ಲಾಸು ಘೊಳ್ಳೆಂದಿತು. ಅವರೇ ಕಲಿಸಿದ ನಗು, ಅವರು ಕೈ ಎತ್ತಿದರೂ ನಿಲ್ಲಲಿಲ್ಲ. ಅವರ ತುಟಿ ಮಾತ್ರ ಅಲುಗುತ್ತಿತ್ತು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕುಳಿತಿದ್ದೆ. ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಮತ್ತೆ ಅವರು ಓರಲ್ ಟೆಸ್ಟ್ ಮಾಡಲಿಲ್ಲ. ಮರುವರ್ಷ ಬೇರೆ ಶಾಲೆಗೆ ಹೋದರು. ಬಹಳ ವರ್ಷಗಳ ಮೇಲೆ ಕುರುಗೋಡಿನಲ್ಲಿ ತೀರಿಕೊಂಡರೆಂದು ಯಾರೋ ಹೇಳಿದರು. ಪೂರ್ ಸೋಲ್ ಎಂದು ಬಾಯಿ ಮಾತಿಗೆ ಅಂದಿದ್ದೆ, ಅಷ್ಟೇ...

ನಿನ್ನೆ ಸಿರುಗುಪ್ಪದ ಗೆಳತಿಗೆ ಫೋನ್ ಮಾಡಿದೆ. ಅವಳೂ ಈಗ ಮುದುಕಿ. ನನ್ನ ಸೊಂಟದ ವೃತ್ತಾಂತ ಕೇಳಿ ಮನಸಾರೆ ನಕ್ಕಳು. ಮಾತು ಮಿಸ್ಸಿನ ಕಡೆ ತಿರುಗಿತು. “ನಿನ್ನನ್ನ ಅಷ್ಟು ಗೇಲಿ ಮಾಡಿದ್ರು, ಒಂದು ಸಲನಾದ್ರೂ ಸಾರಿ ಹೇಳಲಿಲ್ಲ ನೋಡು,” ಎಂದೆ.

“ಯಾಕ ಹೇಳಲಿಲ್ಲ? ಆವತ್ತ ಕ್ಲಾಸಿನ್ಯಾಗ ಹೇಳಿದ್ರಲ್ಲ. ‘ಹಚ್ಚೋರನ್ನ ನಾ ನೋಡಿ ನಗಬಾರದಿತ್ತು’ ಅಂದ್ರು. ನಾ ಅವರ ಬಾಜೂಕ ನಿಂತಿದ್ದೆ, ನನಗ ಕೇಳಿಸ್ತು. ನೀವೆಲ್ಲಾ ನಗಾಕತ್ತಿದ್ರಿ.”

“ನಾ ನಗಲಿಲ್ಲಲೇ. ತಲಿ ತಗ್ಗಿಸಿ ಕುಂತಿದ್ದೆ.”

“ನಗು ತಡಕೊಳ್ಳಾಕ ತಗ್ಗಿಸಿದ್ದಿ. ಬಾಯಾಗ ಕರ್ಚೀಫ್ ತುರುಕ್ಕೊಂಡಿದ್ದಿ. ಮಿಸ್ ನಿನ್ನನ್ನೇ ನೋಡಾಕತ್ತಿದ್ರು. ಇರ್ಲಿ ಬಿಡು, ಸಣ್ಣಾಕಿ ಇದ್ದಿ.”

ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ನೆನಪು ಬೇರೆಯೇ ಇತ್ತು. ಜಗಳಾಡಲಿಲ್ಲ. ಕೊನೆಗೆ ಕೇಳಿದೆ, “ನಿನಗ ಕೇಳಿಸ್ತು ಅಂತ ಮಿಸ್‌ಗೆ ಹೇಳಿದ್ಯಾ?”

ಆ ಕಡೆ ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ ಸದ್ದು ಕೇಳಿತು.

“ಹೇಳಬೇಕಂತಿದ್ದೆ. ಆಮ್ಯಾಲೆ ಮದುವಿ, ಮನಿ, ಗದ್ದಿ... ನಾಳೆ ನಾಡದ್ದು ಅನ್ನೂದ್ರಾಗ, ಮಿಸ್ ಹೋದ್ರು ಅಂತ ಸುದ್ದಿನ ಬಂತು.”